ಬೆಲ್ಲ, ಅಳಲೆಕಾಯಿ, ಕಾಫಿ ಹೊಟ್ಟು: ಗಾರೆಗೆ ಏನು ಸೇರಿಸಿದರೆ ಏನಾಗುತ್ತದೆ

ಕೊಡಗಿನ ನಮ್ಮ ಶನಿವಾರಸಂತೆ ಕಡೆ ಹಳೆ ಮನೆಯ ಗೋಡೆ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು ಬೆಲ್ಲದ ವಿಷಯ ತೆಗೆದೇ ತೆಗೆಯುತ್ತಾರೆ. ಹಿಂದಿನವರು ಗಾರೆಗೆ ಬೆಲ್ಲ ಹಾಕುತ್ತಿದ್ದರು, ಅಳಲೆಕಾಯಿ ನೀರು ಹಾಕುತ್ತಿದ್ದರು, ಕೋಳಿಮೊಟ್ಟೆ ಒಡೆದು ಹಾಕುತ್ತಿದ್ದರು, ಅದಕ್ಕೇ ಆ ಗೋಡೆಗಳು ಅಷ್ಟು ಗಟ್ಟಿ ಎನ್ನುತ್ತಾರೆ. ಇದನ್ನು ಕೇಳಿಕೊಂಡು ಹೋಗಿ ಸಿಮೆಂಟ್ ಗಾರೆಗೇ ಅಚ್ಚು ಬೆಲ್ಲ ಕರಗಿಸಿ ಸುರಿದವರನ್ನೂ ನಾನು ಕಂಡಿದ್ದೇನೆ. ಮನೆ ರಿಪೇರಿಗೆ ಕೈ ಹಾಕುವ ಮೊದಲು ನಾನು, ನನ್ನ ಅಕ್ಕನ ಮಗ, ನಮ್ಮ ಮೇಸ್ತ್ರಿ ಮೂವರೂ ಸೇರಿ ಇದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆವು. ಏನು ಮಾಡಿದೆವು, ಏನು ಕಂಡೆವು ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತೋಟದ ನಡುವಿನ ಹಳೆ ಮನೆ. ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಅಪ್ಪನ ಕಾಲದಲ್ಲಿ ಪಶ್ಚಿಮದ ಗೋಡೆಗೆ ಹೊರಗಿನಿಂದ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಮಳೆ ಬಡಿಯುವುದು ಆ ಕಡೆಯಿಂದಲೇ. 2018ರ ಆಗಸ್ಟ್‌ನಲ್ಲಿ ಜಿಲ್ಲೆಯ ಎಷ್ಟೋ ಕಡೆ ಗುಡ್ಡ ಜರಿದು ಮನೆಗಳೇ ಹೋದವು. ನಮಗೆ ಅಂಥ ಕಷ್ಟ ಬರಲಿಲ್ಲ. ಆದರೆ ಆ ಮಳೆಗಾಲ ಕಳೆದ ಮೇಲೆ ಪ್ಲಾಸ್ಟರ್ ಉಬ್ಬುತ್ತಾ ಬಂತು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ವರ್ಷ ಕಳೆದಂತೆ ದೊಡ್ಡ ದೊಡ್ಡ ಚಕ್ಕೆಯಾಗಿ ಉದುರಿತು. ಕೆಳಗೆ ಬಿದ್ದ ಸಿಮೆಂಟ್ ಚಕ್ಕೆ ಸುತ್ತಿಗೆಗೂ ಸುಲಭವಾಗಿ ಒಡೆಯದಷ್ಟು ಗಟ್ಟಿ. ಅದರ ಹಿಂದಿದ್ದ ಇಟ್ಟಿಗೆ ಮಾತ್ರ ಒದ್ದೆಯಾಗಿ, ಕೈಯಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು.

ನಮ್ಮ ಮೇಸ್ತ್ರಿ ಅರಕಲಗೂಡು ಕಡೆಯವರು, ವಯಸ್ಸಾದವರು. ಎತ್ತು ಕಟ್ಟಿ ಗಾಣದಲ್ಲಿ ಸುಣ್ಣದ ಗಾರೆ ಅರೆಯುತ್ತಿದ್ದ ಕಾಲದಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದವರು. ಗೋಡೆಯನ್ನು ಒಂದು ಸುತ್ತು ನೋಡಿದರು. "ಗೌಡ್ರೇ, ಇದಕ್ಕೆ ಸುಣ್ಣದ ಗಾರೆನೇ ಆಗಬೇಕು. ಬೆಲ್ಲ, ಅಳಲೆಕಾಯಿ ಹಾಕಿ ಕಲಸೋಣ" ಎಂದರು. ಅಕ್ಕನ ಮಗ ಸಿವಿಲ್ ಎಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದ. ಅವನು ನನ್ನನ್ನು ಪಕ್ಕಕ್ಕೆ ಕರೆದು, "ಮಾವ, ಬೆಲ್ಲ ಹಾಕಿದ್ರೆ ಗಾರೆ ಗಟ್ಟಿನೇ ಆಗಲ್ಲ. ನಮ್ಮ ಪಾಠದಲ್ಲೇ ಇದೆ" ಎಂದ. ಇಬ್ಬರ ಮಾತೂ ಸರಿಯೇ ಎಂದು ಆಮೇಲೆ ಗೊತ್ತಾಯಿತು. ಮೇಸ್ತ್ರಿ ಹೇಳಿದ್ದು ಸುಣ್ಣದ ಗಾರೆಯ ವಿಷಯ. ಹುಡುಗ ಓದಿದ್ದು ಸಿಮೆಂಟಿನ ವಿಷಯ. ನಮ್ಮ ಜನ ಇವೆರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಇಷ್ಟು ಗೊಂದಲ.

ಸ್ವಲ್ಪ ಇಸವಿ ಲೆಕ್ಕ ಹಾಕಿದರೂ ಇದು ಹೊಳೆಯುತ್ತದೆ. ಇಂಗ್ಲೆಂಡಿನಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಕಟ್ಟಿದ್ದು 1820ರಲ್ಲಿ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ಇನ್ನೂ ಹಿಂದಿನದು, 1790ರ ದಶಕದ್ದು. ಬೆಲ್ಲ, ಅಳಲೆಕಾಯಿಯ ಪಾಕವೆಲ್ಲ ಆ ಕಾಲದ್ದು. ಅದು ಸುಣ್ಣಕ್ಕೆ ಹೇಳಿದ ಪಾಕ. ಸಿಮೆಂಟ್ ಎಂಬುದು ಆ ಮೇಸ್ತ್ರಿಗಳ ಕೈಗೆ ಬಂದೇ ಇರಲಿಲ್ಲ.

ಹುಡುಗನಿಗೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡಬೇಕಿತ್ತು. ಲ್ಯಾಬಿನಲ್ಲಿ ಗಾರೆಯ ಅಚ್ಚುಗಳೂ ಇದ್ದವು, ಅವನ್ನು ಒತ್ತಿ ಒಡೆಯುವ ಮೆಷಿನ್ನೂ ಇತ್ತು. ಮೇಸ್ತ್ರಿಗೆ ಕುತೂಹಲ. ನನಗೆ ಗೋಡೆಯ ಚಿಂತೆ. ಹೀಗೆ ಕೆಲಸ ಶುರುವಾಯಿತು.

ಮೊದಲು ಅಳತೆಯ ಬಗ್ಗೆ ಹೇಳಬೇಕು. ಸಿಮೆಂಟ್ ಪರೀಕ್ಷೆಯ ಅಚ್ಚು 70.6 ಮಿ.ಮೀ. ಉದ್ದ, ಅಗಲ, ಎತ್ತರದ ಚೌಕ. ಇದೇನು ವಿಚಿತ್ರ ಲೆಕ್ಕ ಅನ್ನಿಸುತ್ತದೆ, ಅಲ್ವಾ? ಅಷ್ಟಿದ್ದರೆ ಒಂದು ಮುಖದ ವಿಸ್ತೀರ್ಣ ಹೆಚ್ಚುಕಮ್ಮಿ 50 ಚದರ ಸೆಂಟಿಮೀಟರ್ ಆಗುತ್ತದೆ, ಲೆಕ್ಕಕ್ಕೆ ಸುಲಭ. ಒಂದು ಕ್ಯೂಬಿಗೆ 200 ಗ್ರಾಂ ಸಿಮೆಂಟ್, 600 ಗ್ರಾಂ ಮರಳು. ಅಚ್ಚಿಗೆ ಎಣ್ಣೆ ಸವರಿ, ಗಾರೆ ತುಂಬಿ, ಗಾಳಿ ಉಳಿಯದ ಹಾಗೆ ಕುಟ್ಟಬೇಕು. ಒಂದು ದಿನ ತಂಪಿನಲ್ಲಿಟ್ಟು ಬಿಡಿಸಿ, ನೀರಿನ ತೊಟ್ಟಿಗೆ ಹಾಕಬೇಕು. 3, 7, 28 ದಿನಕ್ಕೆ ತೆಗೆದು ಒಡೆದು ನೋಡುವುದು ಪದ್ಧತಿ. ಮೂಟೆಯ ಮೇಲೆ 43 ಗ್ರೇಡ್ ಎಂದು ಬರೆದಿರುತ್ತದಲ್ಲ, ಅದು ಈ ಪರೀಕ್ಷೆಯದೇ ಅಂಕಿ. 28ನೇ ದಿನ ಚದರ ಮಿಲಿಮೀಟರಿಗೆ 43 ನ್ಯೂಟನ್ ಭಾರ ತಡೆಯಬೇಕು. ಆ ಪುಟ್ಟ ಕ್ಯೂಬಿನ ಮೇಲೆ ಸುಮಾರು 22 ಟನ್ ತೂಕ ಇಟ್ಟ ಹಾಗೆ. ಆ ಅಂಕಿ ನಿಗದಿಯಾದ ಗುಣಮಟ್ಟದ ಮರಳಿನಲ್ಲಿ ಮಾಡಿದಾಗ ಬರುವುದು. ನಮ್ಮದು ಇಲ್ಲಿ ಸಿಗುವ ಎಂ ಸ್ಯಾಂಡ್. ಹಾಗಾಗಿ ನಾವು ಆ 43ಕ್ಕೆ ಹೋಲಿಸಲಿಲ್ಲ. ಏನೂ ಸೇರಿಸದ ಸಾದಾ ಕ್ಯೂಬ್ ಜೊತೆಗೇ ಮಾಡಿಟ್ಟು, ಅದಕ್ಕೇ ಹೋಲಿಸಿದೆವು. ಮನೆಯಲ್ಲಿ ಮಾಡಿ ನೋಡುವವರಿಗೂ ಇದೇ ನನ್ನ ಸಲಹೆ. ಪಕ್ಕದಲ್ಲಿ ಸಾದಾ ಗಾರೆ ಇಲ್ಲದಿದ್ದರೆ ಸೇರಿಸಿದ್ದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಸಿಮೆಂಟಿಗೆ ಮೊದಲು ಹಾಕಿದ್ದು ಬೆಲ್ಲ. ಹುಡುಗ ಹೇಳಿದ ಲೆಕ್ಕ ಕೇಳಿ ನನಗೆ ಆಶ್ಚರ್ಯವಾಯಿತು. ಸಿಮೆಂಟಿನ ತೂಕದ 0.05 ಶೇಕಡಾ ಸಕ್ಕರೆ ಸೇರಿದರೆ ಸಾಕು, ಅದು ಬಿಗಿಯುವುದು ಸುಮಾರು ನಾಲ್ಕು ಗಂಟೆ ತಡವಾಗುತ್ತದೆ. 50 ಕೆ.ಜಿ. ಮೂಟೆಗೆ ಅದು ಬರೀ 25 ಗ್ರಾಂ. ಅದೇ ಒಂದು ಶೇಕಡಾ ಆದರೆ, ಅಂದರೆ ಮೂಟೆಗೆ ಅರ್ಧ ಕೆ.ಜಿ., ಸಿಮೆಂಟ್ ಬಿಗಿಯುವುದೇ ಹೆಚ್ಚುಕಮ್ಮಿ ನಿಂತುಹೋಗುತ್ತದೆ. ನಮ್ಮ ಒಂದು ಕ್ಯೂಬಿಗೆ ಸಣ್ಣ ಪ್ರಮಾಣವೆಂದರೆ 0.1 ಗ್ರಾಂ. ಇದನ್ನು ತೂಗುವುದು ಹೇಗೆ? ಒಂದು ಲೀಟರ್ ನೀರಿಗೆ 10 ಗ್ರಾಂ ಬೆಲ್ಲ ಕರಗಿಸಿ, ಅದರಿಂದ 10 ಮಿಲಿಲೀಟರ್ ಅಳೆದು, ಕಲಸುವ ನೀರಿನ ಲೆಕ್ಕಕ್ಕೇ ಸೇರಿಸಿದೆವು.

ಸಣ್ಣ ಪ್ರಮಾಣದ ಕ್ಯೂಬ್ ಮರುದಿನ ಬಿಡಿಸುವಾಗ ಸಾದಾ ಕ್ಯೂಬಿಗಿಂತ ಮೆತ್ತಗೆ ಅನ್ನಿಸಿತು. ಆದರೂ ಆಕಾರ ಕೆಡಲಿಲ್ಲ. 28ನೇ ದಿನ ಒಡೆದಾಗ ಸಾದಾ ಗಾರೆಗಿಂತ ಒಂದು ಕೈ ಮೇಲೆಯೇ ಇತ್ತು. ಒಂದು ಶೇಕಡಾದ್ದು ಅಚ್ಚಿನಿಂದ ತೆಗೆಯುವಾಗಲೇ ಮೂಲೆ ಕುಸಿಯಿತು. ವಾರ ಕಳೆದರೂ ಉಗುರು ಒತ್ತಿದರೆ ಒಳಗೆ ಇಳಿಯುತ್ತಿತ್ತು. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ನಮ್ಮ ಮಾವ ಗಾರೆಗೆ ಹಿಡಿ ಹಿಡಿ ಬೆಲ್ಲ ಹಾಕೋರು, ಹೀಗೆ ಆಗಿದ್ದು ನಾನು ನೋಡೇ ಇಲ್ಲ" ಎಂದರು. ಅವರ ಮಾವ ಕಲಸುತ್ತಿದ್ದದ್ದು ಸುಣ್ಣ.

ಹೀಗೇಕೆ ಆಗುತ್ತದೆ ಎಂದು ಹುಡುಗ ಬಿಡಿಸಿ ಹೇಳಿದ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ನೀರು ಬಿದ್ದ ಕೂಡಲೇ ಸಿಮೆಂಟಿನ ಕಣದ ಮೇಲೆ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಹೊಸ ವಸ್ತು ಬೆಳೆಯುತ್ತದೆ. ಮರಳನ್ನು ಹಿಡಿದು ನಿಲ್ಲಿಸುವುದು ಅದೇ. ಸಕ್ಕರೆ ಹೋಗಿ ಆ ಕಣಗಳ ಮೇಲೆ, ಹೊಸದಾಗಿ ಮೊಳೆಯುವ ವಸ್ತುವಿನ ಮೇಲೆ ಅಂಟಿಕೊಂಡು ಬೆಳವಣಿಗೆಯನ್ನು ತಡೆಯುತ್ತದೆ. ತೀರಾ ಸ್ವಲ್ಪ ಇದ್ದರೆ ಆ ತಡೆ ಕೆಲವು ಗಂಟೆಗಳದ್ದು ಮಾತ್ರ. ಆಮೇಲೆ ನಿಧಾನವಾಗಿ, ಒತ್ತಾಗಿ ಬೆಳೆಯುವುದರಿಂದ ಗಟ್ಟಿತನ ಸ್ವಲ್ಪ ಏರಲೂಬಹುದು. ಜಾಸ್ತಿಯಾದರೆ ತಡೆ ಬಿಡುವುದೇ ಇಲ್ಲ. ರೆಡಿಮಿಕ್ಸ್ ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ ಡ್ರಮ್ಮಿಗೆ ಸಕ್ಕರೆ ಸುರಿಯುವ ಉಪಾಯ ಇದೇ ಗುಣದಿಂದ ಬಂದದ್ದು. ಕೆಲಸದ ಜಾಗದಲ್ಲಿ 25 ಗ್ರಾಂ, ಅರ್ಧ ಕೆ.ಜಿ. ಎಂದು ಯಾರು ತೂಗುತ್ತಾರೆ? ಬಾಂಡ್ಲಿಗೆ ಒಂದು ಉಂಡೆ ಬೆಲ್ಲ ಹೆಚ್ಚಾದರೆ ಇಡೀ ಗೋಡೆ ಹೋಯಿತು. ಆ ಸಣ್ಣ ಲಾಭಕ್ಕಾಗಿ ಸಿಮೆಂಟಿನ ಹತ್ತಿರ ಬೆಲ್ಲವನ್ನು ತರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸೋಪಿನ ಪುಡಿಯದ್ದು ಇನ್ನೊಂದು ಕಥೆ. ಪ್ಲಾಸ್ಟರ್ ಮಾಡುವ ಕೆಲವರು ಬಟ್ಟೆ ಸೋಪಿನ ಪುಡಿಯನ್ನು ಒಂದು ಚಿಟಿಕೆ ನೀರಿಗೆ ಹಾಕುತ್ತಾರೆ. ಗಾರೆ ಬೆಣ್ಣೆಯ ಹಾಗೆ ಕರಣೆಗೆ ಸಿಗುತ್ತದೆ, ಬೇಗ ಬೇಗ ಎಳೆಯಬಹುದು. ನಮ್ಮ ಕ್ಯೂಬ್ ಒಡೆದಾಗ, ಸೋಪಿನ ನೊರೆಯ ಗಾಳಿ ಉಳಿದು ಒಳಗೆಲ್ಲ ಸೂಜಿ ಚುಚ್ಚಿದಂಥ ತೂತುಗಳು. ಸಾದಾ ಕ್ಯೂಬಿಗಿಂತ ಬಹಳ ಮೊದಲೇ ಒಡೆಯಿತು. ಗಾಳಿ ಒಂದು ಶೇಕಡಾ ಹೆಚ್ಚಾದರೆ ಗಟ್ಟಿತನ ಸುಮಾರು ಐದು ಶೇಕಡಾ ಇಳಿಯುತ್ತದೆ ಎಂಬುದು ಕಾಂಕ್ರೀಟ್ ಕೆಲಸದ ಹಳೆ ಲೆಕ್ಕ. ಹಿಮ ಬೀಳುವ ದೇಶಗಳಲ್ಲಿ ಬೇಕೆಂದೇ ಅಳತೆ ಮಾಡಿ ಗಾಳಿ ಸೇರಿಸುತ್ತಾರೆ. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುವಾಗ ಅದಕ್ಕೆ ಜಾಗ ಬೇಕು. ಕೊಡಗಿನ ಚಳಿಯಲ್ಲಿ ಗೋಡೆಯೊಳಗೆ ನೀರು ಹೆಪ್ಪುಗಟ್ಟುವುದಿಲ್ಲ. ನಮಗೆ ಅದರಿಂದ ನಷ್ಟವೇ ಹೊರತು ಲಾಭವಿಲ್ಲ. ಇನ್ನು ಉಪ್ಪನ್ನು ನಾವು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ. ಅದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಗೋಡೆಯ ಮೇಲೆ ಬಿಳಿಯಾಗಿ ಹೊರಗೆ ಬರುತ್ತದೆ. ಅಷ್ಟು ಗೊತ್ತಿದ್ದರೆ ಸಾಕು.

ನನಗೆ ಎಲ್ಲಕ್ಕಿಂತ ಆಸೆ ಇದ್ದದ್ದು ಕಾಫಿಯ ಮೇಲೆ. ನಮ್ಮಲ್ಲಿ ಕಾಫಿ ಹೊಟ್ಟು ರಾಶಿ ಬೀಳುತ್ತದೆ. ಗೊಬ್ಬರಕ್ಕೆ, ಒಲೆಗೆ ಹೋಗಿಯೂ ಉಳಿಯುತ್ತದೆ. ಮೆಲ್ಬರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2023ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದ್ದರು. ಬಳಸಿದ ಕಾಫಿ ಪುಡಿಯನ್ನು ಆಮ್ಲಜನಕ ಇಲ್ಲದೆ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಇದ್ದಿಲು ಮಾಡಿ, ಕಾಂಕ್ರೀಟಿನ ಮರಳಿನಲ್ಲಿ 15 ಶೇಕಡಾ ಜಾಗಕ್ಕೆ ಅದನ್ನು ಹಾಕಿದರೆ ಗಟ್ಟಿತನ ಸುಮಾರು 30 ಶೇಕಡಾ ಏರಿತಂತೆ. ಈ ಸುದ್ದಿ ನಮ್ಮ ಕಡೆಯ ಬೆಳೆಗಾರರ ಫೋನುಗಳಲ್ಲೆಲ್ಲ ಓಡಾಡಿತ್ತು. "ಕಾಫಿ ಹಾಕಿದರೆ ಕಾಂಕ್ರೀಟ್ ಗಟ್ಟಿ" ಎಂಬುದಷ್ಟೇ ಜನರ ತಲೆಯಲ್ಲಿ ಉಳಿದಿತ್ತು. ಸುಡಬೇಕು ಎಂಬ ಮುಖ್ಯ ಮಾತು ದಾರಿಯಲ್ಲೇ ಕಳೆದುಹೋಗಿತ್ತು.

ಅದಕ್ಕೇ ನಾವು ಎರಡು ರೀತಿ ಮಾಡಿದೆವು. ಒಂದಕ್ಕೆ ಕಾಫಿ ಚರಟವನ್ನು, ಅಂದರೆ ಸೋಸಿದ ಮೇಲೆ ಉಳಿಯುವ ಪುಡಿಯನ್ನು, ಒಣಗಿಸಿ ಹಾಗೇ ಹಾಕಿದೆವು. ಇನ್ನೊಂದಕ್ಕೆ ಅದನ್ನೇ ಮುಚ್ಚಳ ಬಿಗಿದ ತಗಡಿನ ಡಬ್ಬಿಯಲ್ಲಿ ತುಂಬಿ, ಹೊಗೆ ಹೋಗಲು ಸಣ್ಣ ತೂತು ಬಿಟ್ಟು, ಕೆಂಡದಲ್ಲಿ ಇಟ್ಟು ಇದ್ದಿಲು ಮಾಡಿ ಹಾಕಿದೆವು. ಸುಡದ ಚರಟದ ಗಾರೆ ಮರುದಿನವೂ ಬಿಗಿದಿರಲಿಲ್ಲ. ನೀರೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಅದರಿಂದ ಇಳಿಯುವ ಸಾವಯವ ವಸ್ತುಗಳು ಬೆಲ್ಲದ ಹಾಗೆಯೇ ಸಿಮೆಂಟಿಗೆ ಅಡ್ಡ ಬರುತ್ತವೆ. ಅದು 28ನೇ ದಿನಕ್ಕೂ ಸಾದಾ ಕ್ಯೂಬಿನ ಹತ್ತಿರ ಸುಳಿಯಲಿಲ್ಲ. ಇದ್ದಿಲು ಮಾಡಿದ್ದು ಸಾದಾ ಕ್ಯೂಬಿಗೆ ಸರಿಸಮ ಬಂತು, ಮೀರಲಿಲ್ಲ. ಡಬ್ಬಿಯೊಳಗೆ ಎಷ್ಟು ಬಿಸಿ ಇತ್ತು ಎಂದು ಅಳೆಯುವ ಸಾಧನ ನಮ್ಮಲ್ಲಿರಲಿಲ್ಲ. 350 ಡಿಗ್ರಿಯಲ್ಲಿ ಹಿಡಿದಿಡಲು ಸರಿಯಾದ ಕುಲುಮೆ ಬೇಕು. ಸರಿಸಮ ಬಂದದ್ದೇ ನನಗೆ ಸಂತೋಷ. ಅಷ್ಟು ಮರಳು ಉಳಿಯಿತಲ್ಲ. ಕುಶಾಲನಗರದಲ್ಲಿ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳ ಸುತ್ತ ಬೀಳುವ ಹೊಟ್ಟಿಗೆ ಯಾರಾದರೂ ಒಳ್ಳೆ ಕುಲುಮೆ ಹಾಕಿ ಇದನ್ನು ಮಾಡಿ ನೋಡಬೇಕು ಎಂಬ ಆಸೆ ನನಗೆ ಈಗಲೂ ಇದೆ.

ಕಾಫಿ ಹೊಟ್ಟಿನ ಬೂದಿ ಮಾತ್ರ ಬೇರೆ. ಅದರಲ್ಲಿ ಪೊಟ್ಯಾಷ್ ಜಾಸ್ತಿ, ಸಿಲಿಕಾ ಕಡಿಮೆ. ತೋಟಕ್ಕೆ ಅದು ಒಳ್ಳೆಯದು, ಗಾರೆಗೆ ಬೇಡ. ಗಾರೆಗೆ ಬೇಕಾದ್ದು ಭತ್ತದ ಉಮಿಯ ಬೂದಿ. ಅದರಲ್ಲಿ 85ರಿಂದ 90 ಶೇಕಡಾ ಸಿಲಿಕಾನೇ. ಉಮಿಯನ್ನು ನಿಧಾನ ಬೆಂಕಿಯಲ್ಲಿ, ಸುಮಾರು 700 ಡಿಗ್ರಿ ದಾಟದ ಹಾಗೆ ಸುಟ್ಟರೆ ಆ ಸಿಲಿಕಾ ಚುರುಕಾಗಿ ಉಳಿಯುತ್ತದೆ. ತೀರಾ ಬಿಸಿಯಾದರೆ ಹರಳುಗಟ್ಟಿ ಮಂಕಾಗುತ್ತದೆ. ನಾವು ಅಕ್ಕಿ ಮಿಲ್ಲಿನಿಂದ ಉಮಿ ತಂದು, ರಾಶಿ ಹಾಕಿ, ತುದಿಗೆ ಕೆಂಡ ಇಟ್ಟು, ರಾತ್ರಿಯಿಡೀ ಬೇಯಲು ಬಿಟ್ಟೆವು. ಕಪ್ಪು ಉಳಿದದ್ದನ್ನು ಬೇರೆ ಮಾಡಿ, ಬೂದುಬಣ್ಣದ್ದನ್ನು ಮಾತ್ರ ಆರಿಸಿದೆವು. ಒಳಕಲ್ಲಿನಲ್ಲಿ ಅರೆದು ಬಟ್ಟೆಯಲ್ಲಿ ಜಾಲಿಸಿದೆವು. ಮೂಗಿಗೆ ಬಟ್ಟೆ ಕಟ್ಟದೆ ಈ ಕೆಲಸ ಮಾಡಬಾರದು, ದೂಳು ತುಂಬಾ ನಯ.

ಸಿಮೆಂಟಿನ ಹತ್ತನೇ ಒಂದು ಪಾಲು ತೆಗೆದು ಆ ಜಾಗಕ್ಕೆ ಈ ಬೂದಿ ಹಾಕಿದೆವು. ಗಾರೆ ನೀರು ಜಾಸ್ತಿ ಕೇಳಿತು. 7ನೇ ದಿನ ಒಡೆದಾಗ ಸಾದಾ ಕ್ಯೂಬಿಗಿಂತ ಹಿಂದೆ ಇತ್ತು. ಹುಡುಗನ ಮುಖ ಸಣ್ಣದಾಯಿತು. 28ನೇ ದಿನ ಸಾದಾ ಕ್ಯೂಬನ್ನು ದಾಟಿತು. ಸಿಮೆಂಟ್ ನೀರಿನ ಜೊತೆ ಸೇರುವಾಗ ಸುಣ್ಣವೂ ಹುಟ್ಟುತ್ತದೆ. ಆ ಸುಣ್ಣ ತಾನಾಗಿ ಹೆಚ್ಚು ಬಲ ಕೊಡುವುದಿಲ್ಲ. ಉಮಿ ಬೂದಿಯ ಸಿಲಿಕಾ ಅದನ್ನು ಹಿಡಿದು ಮತ್ತಷ್ಟು ಅಂಟು ವಸ್ತುವನ್ನು ಮಾಡುತ್ತದೆ. ಅದಕ್ಕೆ ಸಮಯ ಬೇಕು, ತೇವ ಬೇಕು. ಒಂದು ವಾರಕ್ಕೇ ಒಡೆದು ಕೆಟ್ಟದು ಎಂದು ಬಿಟ್ಟಿದ್ದರೆ ನಮಗೆ ಇದು ಗೊತ್ತಾಗುತ್ತಿರಲಿಲ್ಲ. ಹೊಸ ಸಿಮೆಂಟ್ ಕೆಲಸಕ್ಕೆ ಮನೆಯಲ್ಲೇ ಸಿಗುವ ವಸ್ತು ಸೇರಿಸಬೇಕು ಎನ್ನುವವರಿಗೆ ನಾನು ಹೇಳುವುದು ಇದೊಂದನ್ನೇ.

ಆಮೇಲೆ ಸುಣ್ಣ. ಇಲ್ಲಿ ಮೊದಲ ತೊಡಕು ಸುಣ್ಣ ಕೊಳ್ಳುವುದರಲ್ಲೇ. ಕಾಫಿ ತೋಟದವರಿಗೆ ಸುಣ್ಣ ಹೊಸದಲ್ಲ. ಮಣ್ಣಿನ ಹುಳಿ ತೆಗೆಯಲು ಮೂಟೆಗಟ್ಟಲೆ ಹಾಕುತ್ತೇವೆ. ಆದರೆ ಆ ಕೃಷಿ ಸುಣ್ಣ ಬಹುಪಾಲು ಸುಣ್ಣಕಲ್ಲನ್ನು ಹಾಗೇ ಪುಡಿ ಮಾಡಿದ್ದು. ಸುಟ್ಟದ್ದಲ್ಲ. ಅದನ್ನು ಗಾರೆಗೆ ಹಾಕಿದರೆ ಮರಳು ಹಾಕಿದಂತೆಯೇ, ಏನೂ ಹಿಡಿಯುವುದಿಲ್ಲ. ಒಂದು ಅಂಗಡಿಯಲ್ಲಿ ಗಾರೆಗೆ ಬೇಕು ಎಂದು ಕೇಳಿದರೂ ನಮಗೆ ಅದನ್ನೇ ಕೊಟ್ಟರು. ಮೇಸ್ತ್ರಿ ಒಂದು ಹಿಡಿಗೆ ನೀರು ಹಾಕಿ, ಬಿಸಿ ಏಳಲಿಲ್ಲ ನೋಡಿ ಎಂದು ವಾಪಸ್ ಕಳಿಸಿದರು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತಿನ ಜೊತೆ ಬಳಸುವ ಸುಟ್ಟ ಸುಣ್ಣ ಇದೆಯಲ್ಲ, ಬೇಕಾದದ್ದು ಅದು. ನೀರಿಗೆ ಬಿದ್ದರೆ ಕೊತಕೊತ ಕುದಿಯುತ್ತದೆ. ಯಾವಾಗಲೂ ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.

ಅರಳಿದ ಸುಣ್ಣವನ್ನು ನೀರಿನಡಿ ಕೊಳೆಯಲು ಬಿಟ್ಟೆವು. ಇನ್ನೊಂದು ಕಡೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅಳಲೆಕಾಯಿ ಜಜ್ಜಿ, ಬೆಲ್ಲ ಹಾಕಿ, ನೀರು ತುಂಬಿ ಹುದುಗಲು ಇಟ್ಟೆವು. ಕಬ್ಬಿಣದ ಡ್ರಮ್ ಬೇಡ. ಅಳಲೆಕಾಯಿಯ ಒಗರು ಕಬ್ಬಿಣ ತಾಗಿದರೆ ಮಸಿ ಕಪ್ಪಾಗುತ್ತದೆ. ದಿನ ಕಳೆದಂತೆ ಹುಳಿ ವಾಸನೆ ಬಂತು, ನೊರೆ ಎದ್ದಿತು. ಸೋಸಿದ ಆ ಕಂದು ನೀರಿನಲ್ಲೇ ಸುಣ್ಣದ ಗಾರೆ ಕಲಸಿದೆವು. ಮೇಸ್ತ್ರಿ ಕರಣೆಯಲ್ಲಿ ಎತ್ತಿ ಓರೆ ಮಾಡಿದರು. ಜಾರದೆ ಹಿಡಿದು ನಿಂತಿತು. ಸಾದಾ ನೀರಿನಲ್ಲಿ ಕಲಸಿದ್ದು ಅಷ್ಟು ಚೆನ್ನಾಗಿ ನಿಲ್ಲಲಿಲ್ಲ. ಬೆಲ್ಲದ ಸಕ್ಕರೆಯಿಂದ ಸುಣ್ಣ ನೀರಿನಲ್ಲಿ ಜಾಸ್ತಿ ಕರಗುತ್ತದೆ. ಹಾಗಾಗಿ ಕಡಿಮೆ ನೀರಿಗೇ ಗಾರೆ ಹದಕ್ಕೆ ಬರುತ್ತದೆ. ನೀರು ಕಡಿಮೆಯಾದಷ್ಟು ಒಣಗುವಾಗ ಬಿರುಕು ಕಡಿಮೆ.

ಸುಣ್ಣದ ಕ್ಯೂಬುಗಳನ್ನು ನೀರಿನ ತೊಟ್ಟಿಗೆ ಹಾಕಲಿಲ್ಲ. ಸುಣ್ಣ ಗಟ್ಟಿಯಾಗುವ ರೀತಿಯೇ ಬೇರೆ. ಅದು ಗಾಳಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಅದಕ್ಕೆ ಗಾಳಿ ಬೇಕು, ಜೊತೆಗೆ ಸ್ವಲ್ಪ ತೇವವೂ ಬೇಕು. ಜಗಲಿಯ ನೆರಳಲ್ಲಿ ಇಟ್ಟು ಆಗಾಗ ನೀರು ಚಿಮುಕಿಸುತ್ತಿದ್ದೆವು. 28ನೇ ದಿನ ಅವನ್ನು ಒಡೆದಾಗ ಹುಡುಗನ ಗೆಳೆಯರು ನಕ್ಕರಂತೆ. ಸುಣ್ಣ, ಮರಳು ಮಾತ್ರ ಇದ್ದದ್ದು ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಕೂಡ ತಡೆಯಲಿಲ್ಲ. ಆ ಸುಣ್ಣಕ್ಕೆ ಅದು ಸಹಜವೇ. ಅಳಲೆಕಾಯಿ, ಬೆಲ್ಲದ್ದು ಅದಕ್ಕಿಂತ ಸ್ಪಷ್ಟವಾಗಿ ಮುಂದಿತ್ತು. ಆದರೂ ಸಿಮೆಂಟಿನ ಪಕ್ಕ ನಿಲ್ಲುವಷ್ಟಲ್ಲ.

ಒಡೆದ ಚೂರಿನ ಮೇಲೆ ಹುಡುಗ ಫಿನಾಲ್ಫ್ತಲೀನ್ ಎಂಬ ಲ್ಯಾಬಿನ ದ್ರಾವಣ ಸಿಂಪಡಿಸಿದ. ಎಲ್ಲಿ ಸುಣ್ಣ ಸುಣ್ಣವಾಗಿಯೇ ಉಳಿದಿದೆಯೋ ಅಲ್ಲಿ ಗುಲಾಬಿ ಬಣ್ಣ. ಎಲ್ಲಿ ಕಲ್ಲಾಗಿದೆಯೋ ಅಲ್ಲಿ ಬಣ್ಣ ಇಲ್ಲ. ಸಾದಾ ಸುಣ್ಣದ ಚೂರಿನಲ್ಲಿ ಅಂಚಿಗೆ ತೆಳುವಾದ ಬಣ್ಣವಿಲ್ಲದ ಪಟ್ಟಿ, ಉಳಿದದ್ದೆಲ್ಲ ಗುಲಾಬಿ. ಅಳಲೆಕಾಯಿ ನೀರಿನದ್ದರಲ್ಲಿ ಆ ಪಟ್ಟಿ ಅಗಲವಾಗಿತ್ತು. ಹುದುಗುವಾಗ ಕಾರ್ಬನ್ ಡೈ ಆಕ್ಸೈಡ್ ಬರುತ್ತದಲ್ಲ, ಅದು ಒಳಗಿನಿಂದಲೂ ಸ್ವಲ್ಪ ಸಹಾಯ ಮಾಡುತ್ತದೆ. ಚೀನಾದಲ್ಲಿ ಹಿಂದಿನವರು ಸುಣ್ಣಕ್ಕೆ ಅಂಟು ಅಕ್ಕಿಯ ಗಂಜಿ ಹಾಕುತ್ತಿದ್ದರು. ಅಕ್ಕಿಯ ಅಮೈಲೋಪೆಕ್ಟಿನ್ ಎಂಬ ಪಿಷ್ಟ ಸುಣ್ಣಕಲ್ಲಿನ ಹರಳುಗಳನ್ನು ಸಣ್ಣದಾಗಿ, ಒತ್ತಾಗಿ ಬೆಳೆಸುತ್ತದೆ ಎಂದು ಝೆಜಿಯಾಂಗ್ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದ್ದಾರೆ. ಮೇಸ್ತ್ರಿಗೆ ಇದನ್ನು ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ಅವರ ಮಾವನವರ ಕೆಲಸದಲ್ಲಿ ಸತ್ವ ಇತ್ತು ಎಂಬುದು ಲ್ಯಾಬಿನಲ್ಲೇ ಕಂಡಿತು.

ಸುಣ್ಣದ ಕ್ಯೂಬುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಬಂದದ್ದು ಬೆಲ್ಲದ್ದಲ್ಲ, ಸುರ್ಕಿಯದ್ದು. ಹದವಾಗಿ ಬೆಂದ ಇಟ್ಟಿಗೆಯನ್ನು ನಯವಾಗಿ ಪುಡಿ ಮಾಡಿದರೆ ಅದೇ ಸುರ್ಕಿ. ಉಮಿ ಬೂದಿಯ ಹಾಗೆಯೇ ಅದರ ಸಿಲಿಕಾ ಸುಣ್ಣದ ಜೊತೆ ಸೇರುತ್ತದೆ. ಗಾಳಿ ಸಿಗದ ಕಡೆ, ನೀರಿನಲ್ಲೂ ಅದು ಗಟ್ಟಿಯಾಗುತ್ತದೆ. ತಲಕಾವೇರಿಯಿಂದ ಇಳಿದ ನೀರನ್ನು ತಡೆದು ನಿಂತಿರುವ ಕೆಆರ್‌ಎಸ್ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ. 1911ರಲ್ಲಿ ಶುರುವಾದ ಕೆಲಸ ಅದು. ನಮ್ಮ ಜನ ಬೆಲ್ಲ, ಮೊಟ್ಟೆಯ ಕಥೆ ಹೇಳುವಷ್ಟು ಸುರ್ಕಿಯ ಕಥೆ ಹೇಳುವುದಿಲ್ಲ. ನನಗೆ ಇದು ಬೇಸರದ ವಿಷಯ.

ಹಾಗಾದರೆ ಪಶ್ಚಿಮದ ಗೋಡೆಗೆ ಏನು? ಲ್ಯಾಬಿನ ಅಂಕಿ ಮಾತ್ರ ನೋಡಿದರೆ ಸಿಮೆಂಟೇ ಗೆದ್ದಿತ್ತು. ಆದರೆ ಆ ಗಟ್ಟಿ ಸಿಮೆಂಟೇ ನಮ್ಮ ಇಟ್ಟಿಗೆಯನ್ನು ಕೆಡಿಸಿದ್ದು. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲು ಅದು ಬಿಡಲಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ನಮ್ಮ ಕಡೆ ಅದಕ್ಕಿಂತ ಕಡಿಮೆ, ಆದರೂ ತಿಂಗಳುಗಟ್ಟಲೆ ಗೋಡೆ ಒಣಗುವುದಿಲ್ಲ. ಇಂಥಲ್ಲಿ ಹಳೆ ಮೆತ್ತನೆ ಇಟ್ಟಿಗೆಗೆ ಇಟ್ಟಿಗೆಗಿಂತ ಮೆದುವಾದ, ತೇವ ಹೊರಗೆ ಬಿಡುವ ಗಾರೆಯೇ ಬೇಕು. ಹಾಳಾದರೆ ಗಾರೆ ಹಾಳಾಗಲಿ, ಮತ್ತೆ ಬಳಿಯಬಹುದು. ಇಟ್ಟಿಗೆ ಹೋದರೆ ಗೋಡೆಯೇ ಹೋದಂತೆ. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು ಎಂದು ನಿರ್ಧರಿಸಿದೆವು. ಕಲಸಲು ಅಳಲೆಕಾಯಿ ನೀರು. ಮೊಟ್ಟೆ ಬೇಡ ಎಂದು ಮೇಸ್ತ್ರಿಯೇ ಹೇಳಿದರು.

ಕಷ್ಟವಾದದ್ದು ಕಾಲ ಹೊಂದಿಸುವುದು. ಮಳೆಗಾಲದಲ್ಲಿ ಗೋಡೆಯ ಸಣ್ಣ ರಂಧ್ರಗಳೆಲ್ಲ ನೀರಿನಿಂದ ತುಂಬಿರುತ್ತವೆ. ಒಳಗೆ ಗಾಳಿ ಹೋಗುವುದಿಲ್ಲ, ಸುಣ್ಣ ಕಲ್ಲಾಗುವುದಿಲ್ಲ. ಬೇಸಿಗೆಯ ಬಿಸಿಲಲ್ಲಿ ಮಾಡಿದರೆ ಬೇಗ ಒಣಗಿ ಬಿರುಕು ಬಿಡುತ್ತದೆ. ಇದಕ್ಕೆ ಒಳ್ಳೆ ಕಾಲ ಮಳೆ ನಿಂತ ಮೇಲಿನ ನವೆಂಬರ್, ಡಿಸೆಂಬರ್. ಅದೇ ನಮ್ಮ ಅರೇಬಿಕಾ ಕುಯ್ಲಿನ ಕಾಲ. ಆಳುಗಳು ಸಿಗುವುದಿಲ್ಲ, ಕಣದಲ್ಲಿ ಕಾಫಿ ಹರಡಿರುತ್ತದೆ, ಮನೆಯವರಿಗೆ ಉಸಿರಾಡಲೂ ಬಿಡುವಿಲ್ಲ. ಮೇಸ್ತ್ರಿ ತಮ್ಮ ಮಗನನ್ನು ಕರೆತಂದರು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಮುಗಿಸಿದರು. ಹಳೆ ಸಿಮೆಂಟ್ ಪೂರ್ತಿ ಕೆರೆದು, ಗೋಡೆ ಒಣಗಲು ಬಿಟ್ಟು, ತೆಳುವಾದ ಪದರಗಳಲ್ಲಿ ಗಾರೆ ಹಾಕಿದರು. ಒಂದು ಪದರ ಹಿಡಿದ ಮೇಲೆಯೇ ಇನ್ನೊಂದು. ಒದ್ದೆ ಗೋಣಿಚೀಲ ಇಳಿಬಿಟ್ಟು ಕಾಪಾಡಿದೆವು.

ಆಮೇಲೆ ಮಳೆಗಾಲ ಬಂದು ಹೋಗಿದೆ. ಗೋಡೆ ಮಳೆಯಲ್ಲಿ ಒದ್ದೆಯಾಗಿ ಕಪ್ಪಾಗುತ್ತದೆ, ಎರಡು ದಿನ ಬಿಸಿಲು ಬಂದರೆ ಮತ್ತೆ ತಿಳಿಯಾಗುತ್ತದೆ. ತಟ್ಟಿದರೆ ಟೊಳ್ಳು ಸದ್ದು ಎಲ್ಲೂ ಇಲ್ಲ. ಕೆಳಗಿನ ಮೂಲೆಯಲ್ಲಿ, ಹೆಂಚಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಕಡೆ, ಒಂದು ಗೇಣಿನಷ್ಟು ಗಾರೆ ಸವೆದಿದೆ. ಅಲ್ಲಿ ನೀರು ಹೋಗಲು ಚರಂಡಿ ಮಾಡಿಸುತ್ತಿದ್ದೇನೆ. ಅದು ಮುಗಿದ ಮೇಲೆ ಮೂಲೆಗೆ ಮತ್ತೆ ಇದೇ ಗಾರೆ ಬಳಿಯುವುದು.

ಲ್ಯಾಬ್ ಇಲ್ಲದವರು ಹೀಗೆ ಮಾಡಬಹುದು. ಬೇಕಾದ ಗಾರೆಯನ್ನು ಬೆಂಕಿಪೊಟ್ಟಣದ ಅಳತೆಯ ಬಿಲ್ಲೆಗಳಾಗಿ ಮಾಡಿ, ಪಕ್ಕದಲ್ಲಿ ಏನೂ ಸೇರಿಸದ ಬಿಲ್ಲೆಯನ್ನೂ ಇಡಿ. ಸಿಮೆಂಟಿನದ್ದಾದರೆ ಒದ್ದೆಯಾಗಿಡಿ, ಸುಣ್ಣದ್ದಾದರೆ ನೆರಳಲ್ಲಿ ಗಾಳಿಗಿಡಿ. ವಾರಕ್ಕೊಮ್ಮೆ ಮೊಳೆಯಿಂದ ಗೀಚಿ ನೋಡಿ. ತಿಂಗಳಾದ ಮೇಲೆ ಒಂದನ್ನು ಮುರಿದು ಇನ್ನೊಂದನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ. ಸಾದಾ ಬಿಲ್ಲೆಗಿಂತ ಮೆತ್ತಗೆ ಕಂಡರೆ ಆ ಪಾಕವನ್ನು ಗೋಡೆಗೆ ಹಾಕಬೇಡಿ, ಯಾರೇ ಹೇಳಿರಲಿ.